ಕೊರಳಗಂಟೆ ಮತ್ತು ಕೊಬ್ಬಿದ ಕರು

ನಮ್ಮ ಮನೆಯ ಬಾಗಿಲಿಗೆ ಕರೆಂಟಿನ ಗಂಟೆಯಿಲ್ಲ. ಚಿಲಕದ ಪಕ್ಕದಲ್ಲಿ ಒಂದು ಸೆಣಬಿನ ದಾರ, ದಾರದ ತುದಿಗೆ ಹೆಬ್ಬೆರಳ ಗಾತ್ರದ ಹಿತ್ತಾಳೆ ಗಂಟೆ. ಬಂದವರು ಅದನ್ನು ಅಲ್ಲಾಡಿಸಿದರೆ ನಾನು ಎದ್ದು ಬರುತ್ತೇನೆ, ಅಲ್ಲಾಡಿಸಲು ನಾಚಿಕೊಂಡವರು ಹೊರಗೆ ಕೆಮ್ಮುತ್ತ ನಿಂತಿರುತ್ತಾರೆ. ಅಂಚೆಯವನೊಬ್ಬ, "ಏನಮ್ಮ, ಒಳಗೆ ದನ ಕಟ್ಟಿದೀರಾ?" ಎಂದು ಕೇಳಿದ್ದೂ ಉಂಟು. ಅವನ ಅನುಮಾನ ಪೂರಾ ತಪ್ಪಲ್ಲ, ಅದು ಕರುವೊಂದರ ಕೊರಳಲ್ಲಿದ್ದ ಗಂಟೆ. ಓದುಗ ಮಿತ್ರರೇ, ನಿಮಗೆ ಬಿಡುವಿದ್ದರೆ ಆ ಕರುವಿನ ಕತೆ ಹೇಳುತ್ತೇನೆ. ಬಿಡುವಿಲ್ಲದಿದ್ದರೂ ಹೇಳುತ್ತೇನೆ, ಏಕೆಂದರೆ ಆ ಕತೆಯಲ್ಲಿ ತಪ್ಪಿತಸ್ಥಳು ನಾನೇ, ಮತ್ತು ತಪ್ಪೊಪ್ಪಿಗೆಗೆ ಕೇಳುವವರ ಬಿಡುವು ಕಾಯುತ್ತ ಕೂತರೆ ಆಯುಸ್ಸು ಸಾಲದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನ ಗೋಡೆಗಳ ಮೇಲೆಲ್ಲ ಆಳುವ ಪಕ್ಷದ ಚುನಾವಣಾ ಗುರುತಾದ ಜೋಡೆತ್ತುಗಳು ಸುಣ್ಣದಲ್ಲಿ ಮೇಯುತ್ತಿದ್ದವು. ನಮ್ಮ ಚರ್ಚಿನ ಯುವಜನ ಸಂಘದಲ್ಲಿ ನಾವು ಹದಿನಾಲ್ಕು ಮಂದಿ ಇದ್ದೆವು. ಪ್ರತಿ ಶುಕ್ರವಾರ ಸಂಜೆ ಸೇರಿ, ಪ್ರಾರ್ಥನೆ ಮುಗಿಸಿ, ಲೋಕವನ್ನು ತಿದ್ದಲು ಕೂರುತ್ತಿದ್ದೆವು. ಕ್ರೈಸ್ತನಾದವನು ರಾಜಕೀಯಕ್ಕೆ ಇಳಿಯಬಹುದೇ, ಹಣೆಗೆ ಕುಂಕುಮವಿಡುವುದು ಧರ್ಮವೋ ಬರಿಯ ಅಲಂಕಾರವೋ, ಇರುವೆಯ ಜೀವಕ್ಕೂ ಮನುಷ್ಯನ ಜೀವಕ್ಕೂ ದೇವರ ತಕ್ಕಡಿಯಲ್ಲಿ ಎಷ್ಟು ವ್ಯತ್ಯಾಸ ಎಂಬಂಥ ಘನ ಪ್ರಶ್ನೆಗಳನ್ನು ಎತ್ತಿಕೊಂಡು, ಚಹಾ ಬರುವ ಹೊತ್ತಿಗೆ ಎಲ್ಲಿಟ್ಟಿದ್ದೆವೋ ಅಲ್ಲೇ ಬಿಟ್ಟು ಏಳುತ್ತಿದ್ದೆವು. ಇರುವೆಯ ಜೀವದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ನಾನೇ ಅವತ್ತು ಸಕ್ಕರೆ ಡಬ್ಬಿಯಿಂದ ಇರುವೆಗಳನ್ನು ಬಿಸಿಲಿಗೆ ಕೊಡವಿದ್ದೆ.

ಸಂಘದ ಕಾರ್ಯದರ್ಶಿ ಸಾಮ್ಯುವೆಲ್ ಒಬ್ಬನಿಗೆ ಮಾತ್ರ ರಾಜಕೀಯದ ಪ್ರಶ್ನೆಯಲ್ಲಿ ಅನುಮಾನವೇ ಇರಲಿಲ್ಲ. ಅವನಿಗೆ ಮುನಿಸಿಪಾಲಿಟಿಗೆ ನಿಲ್ಲುವ ಆಸೆ. ಸುಗ್ಗಿಯ ಕೃತಜ್ಞತಾ ಹಬ್ಬಕ್ಕೆ ನಾಟಕವಾಡೋಣ, ಅಕ್ಕಪಕ್ಕದ ಬೀದಿಗಳನ್ನೆಲ್ಲ ಕರೆಯೋಣ, ನಾವೇನು ಆಕಾಶದಿಂದ ಉದುರಿದವರಲ್ಲ, ಈ ಮಣ್ಣಿನವರೇ ಎಂದು ತೋರಿಸೋಣ ಎಂದವನು ಅವನೇ. ಆರಿಸಿದ ಕತೆ ಯೇಸುಸ್ವಾಮಿ ಹೇಳಿದ ತಪ್ಪಿಹೋದ ಮಗನದು: ಕಿರಿಮಗ ದೂರದೇಶಕ್ಕೆ ಹೋಗಿ ಆಸ್ತಿಯನ್ನೆಲ್ಲ ಹಾಳುಮಾಡಿ, ಹಂದಿ ಮೇಯಿಸಿ, ಹಸಿದು ಹಿಂತಿರುಗುತ್ತಾನೆ, ಅಪ್ಪ ಓಡಿಬಂದು ಅಪ್ಪುತ್ತಾನೆ, ಆ ಸಂತೋಷಕ್ಕೆ ಮನೆಯ ಕೊಬ್ಬಿದ ಕರುವನ್ನು ಕೊಯ್ಸಿ ಊಟ ಹಾಕಿಸುತ್ತಾನೆ, ಹೊಲದಿಂದ ಬಂದ ಹಿರಿಮಗ ಅದಕ್ಕೆ ಮುನಿಯುತ್ತಾನೆ. ಉಡುಪುಗಳ ಪೆಟ್ಟಿಗೆ ಬಾಡಿಗೆಗೆ ಗುಬ್ಬಿಯಿಂದ ಬಂತು. ನಾಟಕದ ಊರಿನ ಪೆಟ್ಟಿಗೆಯಲ್ಲಿ ರಾಜರ ಹೊರತು ಬೇರೆ ಯಾರ ಬಟ್ಟೆ ಇರುತ್ತದೆ? ಹಾಗಾಗಿ ನಮ್ಮ ರೈತ ತಂದೆ ಭುಜಕೀರ್ತಿ ತೊಟ್ಟ. ಹಂದಿ ಮೇಯಿಸುವ ಮಗನಿಗೂ ಜರಿಯ ಅಂಚು ಬಂತು. ಮಗ ಹೋದ ದೂರದೇಶ ಯಾವುದೆಂಬ ಚರ್ಚೆ ಬೊಂಬಾಯಿಯಿಂದ ಹೊರಟು ಬೆಂಗಳೂರಿಗಿಳಿಯಿತು; ಕೊನೆಗೆ ಮಗನ ಪಾತ್ರಧಾರಿಯ ಚಿಕ್ಕಮ್ಮ ಕುಣಿಗಲ್ಲಿನಲ್ಲಿದ್ದ ಕಾರಣ ಕುಣಿಗಲ್ಲೇ ದೂರದೇಶವೆಂದು ತೀರ್ಮಾನವಾಯಿತು.

ತಂದೆಯ ಪಾತ್ರ ಸಾಮ್ಯುವೆಲ್ಲನದು. ಮಾತು ಕಲಿಯುವ ವ್ಯವಧಾನ ಅವನಿಗಿರಲಿಲ್ಲ, ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ ನನ್ನದಾಯಿತು. ನಾನು ಪಿಸುಗುಟ್ಟಿದ್ದನ್ನು ಅವನು ಗುಡುಗುತ್ತಿದ್ದ, ಅರ್ಥಕ್ಕೆ ಕಾಯುತ್ತಿರಲಿಲ್ಲ. ರಾಜಕೀಯಕ್ಕೆ ಅದೊಂದು ಒಳ್ಳೆಯ ಅರ್ಹತೆಯೆಂದು ಆಮೇಲೆ ನನಗೆ ತಿಳಿಯಿತು.

ಕರು ಬೇಕೇ ಬೇಡವೇ ಎಂಬುದರ ಮೇಲೆ ಎರಡು ಶುಕ್ರವಾರ ಹೋದವು. ವೇದಿಕೆಗೆ ಕರು ತಂದರೆ ಜೋಡೆತ್ತಿಗೆ ಪ್ರಚಾರವಾದೀತು ಎಂದು ಒಬ್ಬರು, ಕೊಯ್ದರೆ ಜೋಡೆತ್ತಿಗೆ ವಿರೋಧವಾದೀತು ಎಂದು ಇನ್ನೊಬ್ಬರು. ಕೊನೆಗೆ ಜೀವಂತ ಕರುವನ್ನು ತೋರಿಸಿ ಒಳಗೆ ಕರೆದೊಯ್ಯುವುದೆಂದಾಯಿತು. ಕರುವಿದ್ದದ್ದು ನಮ್ಮ ಪಕ್ಕದ ಮನೆಯ ರುದ್ರಕ್ಕನ ಹಟ್ಟಿಯಲ್ಲಿ. ರುದ್ರಕ್ಕ ಹಣೆತುಂಬ ವಿಭೂತಿಯವರು, ಕೊರಳಲ್ಲಿ ಲಿಂಗ. ನಮ್ಮ ಅಮ್ಮ ತೀರಿಕೊಂಡ ವರ್ಷದಿಂದ ನಮ್ಮ ಮನೆಗೆ ಹಾಲು ತಂದುಕೊಡುತ್ತ, ನನ್ನ ಜಡೆ ಸರಿಯಿಲ್ಲವೆಂದು ಬಾಗಿಲಲ್ಲೇ ಬಿಚ್ಚಿ ಹೆಣೆಯುತ್ತಿದ್ದವರು. ಆ ಕರುವಿಗೆ ಅವರು ಮೊದಲ ತುತ್ತು ಹಾಕದೆ ತಾವು ಉಣ್ಣುತ್ತಿರಲಿಲ್ಲ.

"ಅವರಿಗೆ ಕತೆ ಹೇಳ್ಬೇಡ ಕಣೇ ಸುಗುಣ," ಎಂದ ಸಾಮ್ಯುವೆಲ್. "ಆಯಮ್ಮ ಕೂಗಿದ್ರೆ ಇಡೀ ಬೀದಿ ನಾಟಕಕ್ಕೆ ಬರಲ್ಲ. ಆಮೇಲೆ ನಂಗೆ ಓಟು ಯಾರ್ ಹಾಕ್ತಾರೆ?"

ನನಗೆ ಓಟಿನ ಚಿಂತೆಯಿರಲಿಲ್ಲ, ನಾಟಕದ ಹುಚ್ಚಿತ್ತು. ಹೋಗಿ ಕೇಳಿದೆ. ರುದ್ರಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಾಟ್ಕದಾಗೆ ಇದೇನ್ ಮಾಡ್ತದೆ?" ಎಂದರು. "ಸುಮ್ನೆ ಬಂದು ಹೋಗತ್ತೆ ರುದ್ರಕ್ಕ" ಎಂದೆ. ಅದು ಸುಳ್ಳಲ್ಲವೆಂದು ದೇವರಿಗೆ ಅಂದು ರಾತ್ರಿ ಪ್ರಾರ್ಥನೆಯಲ್ಲಿ ವಿವರಿಸಿದೆ. ಅವನು ಏನೂ ಅನ್ನಲಿಲ್ಲ, ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ.

ನಾಟಕದ ಸಂಜೆ ಚರ್ಚಿನ ಕಾಂಪೌಂಡು ತುಂಬಿತ್ತು. ಮುಂದಿನ ಸಾಲಿನಲ್ಲಿ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು. ಅವರ ಪಕ್ಕದ ಬೆಂಚಿನಲ್ಲಿ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ರುದ್ರಕ್ಕ. ಕರುವಿನ ಕೊರಳಿಗೆ ಉಜ್ಜಿ ಹೊಳೆಯಿಸಿದ ಗಂಟೆ ಕಟ್ಟಿ, ಹಣೆಗೆ ಅರಿಶಿನ ಹಚ್ಚಿ ಕಳಿಸಿದ್ದರು. ಮದುವೆ ಹೆಣ್ಣಿನಂತೆ ಅದು ಪರದೆಯ ಹಿಂದೆ ನನ್ನ ಪಕ್ಕದಲ್ಲೇ ನಿಂತು, ನನ್ನ ಸೆರಗನ್ನು ನಿಧಾನವಾಗಿ ನೆಕ್ಕುತ್ತಿತ್ತು. ಕಿರಿಮಗ ಕುಣಿಗಲ್ಲಿನಿಂದ ಅಳುತ್ತ ಬಂದ. ತಂದೆ ಅಪ್ಪಿಕೊಂಡ, ಭುಜಕೀರ್ತಿ ಮಗನ ಕಿವಿಗೆ ಚುಚ್ಚಿ ಅಳು ನಿಜವಾಯಿತು. ಕರು ವೇದಿಕೆಗೆ ಹೋಯಿತು. ಅಡಿಗೆಯ ಆಳಿನ ಪಾತ್ರದವನು ಕತ್ತಿ ಹಿಡಿದು ಬಂದ. ಪರದೆಯ ತೂತಿನಿಂದ ನೋಡಿದೆ: ರುದ್ರಕ್ಕ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು ಕೂತಿದ್ದರು.

ನನ್ನ ಕೈಯ ಹಾಳೆಯಲ್ಲಿ ತಂದೆಯ ಮುಂದಿನ ಮಾತು, ಕರುವನ್ನು ಒಳಗೊಯ್ದು ಕೊಯ್ಯಿರಿ ಎಂಬುದು, ನನ್ನದೇ ಅಕ್ಷರದಲ್ಲಿತ್ತು. ನಾಲಿಗೆ ಏಳಲಿಲ್ಲ. "ತಡಿ, ತಡಿ," ಎಂದು ನನಗೆ ನಾನೇ ಹೇಳಿಕೊಂಡೆ.

"ತಡಿ, ತಡಿ!" ಎಂದು ಸಾಮ್ಯುವೆಲ್ ಗುಡುಗಿದ. ಕತ್ತಿಯವನು ಎತ್ತಿದ ಕಾಲನ್ನು ಎತ್ತಿದಲ್ಲೇ ಇಟ್ಟುಕೊಂಡು ನಿಂತ.

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ಬಾಯಿಗೆ ಬಂದದ್ದನ್ನು ಪಿಸುಗುಟ್ಟಿದೆ, ಅವನು ಒಂದಕ್ಷರ ಬಿಡದೆ ಊರಿಗೆಲ್ಲ ಸಾರಿದ: "ಸತ್ತನೆಂದುಕೊಂಡ ಮಗ ಬದುಕಿ ಬಂದ ದಿನ ಈ ಮನೆಯಲ್ಲಿ ಯಾರೂ ಸಾಯಬಾರದು. ಕತ್ತಿ ಒಳಗಿಡು, ಕರುವಿಗೆ ಬೆಲ್ಲ ತಿನ್ನಿಸು."

ಚಪ್ಪಾಳೆಯ ಸದ್ದಿಗೆ ಕರು ಬೆದರಿ ತಂದೆಯ ಜರಿ ಶಲ್ಯವನ್ನು ಬಾಯಿಗೆ ಹಾಕಿಕೊಂಡಿತು. ಅಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಹಿರಿಮಗನ ಪಾತ್ರದ ಯೋಹಾನ ಶಿಸ್ತಿನ ಹುಡುಗ, ತನ್ನ ಮಾತನ್ನು ತಿಂಗಳಿಂದ ಉರುಹೊಡೆದವನು. ಅವನು ಹೊಲದಿಂದ ಬಂದು, ಶಲ್ಯ ಮೇಯುತ್ತಿದ್ದ ಕರುವಿನ ಬೆನ್ನ ಮೇಲೆ ಕೈಯಿಟ್ಟು, ಕಣ್ಣೀರು ತುಂಬಿ ಹೇಳಿದ: "ಅಪ್ಪಾ, ಈ ದುಂದುಗಾರನಿಗಾಗಿ ನಮ್ಮ ಕೊಬ್ಬಿದ ಕರುವನ್ನು ಕೊಯ್ಸಿಬಿಟ್ಟೆಯಾ?"

ಕಾಂಪೌಂಡು ಬಿದ್ದುಬಿದ್ದು ನಕ್ಕಿತು. ಅಯ್ಯನವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ರುದ್ರಕ್ಕ ಮಾತ್ರ ನಗಲಿಲ್ಲ. ನಾಟಕ ಮುಗಿದೊಡನೆ ಬಂದು, ಕರುವಿನ ಹಗ್ಗ ಹಿಡಿದುಕೊಂಡು, ನನ್ನ ಕಡೆ ತಿರುಗದೆ ಹೊರಟುಹೋದರು.

ಭಾನುವಾರ ಅಯ್ಯನವರು ನನ್ನನ್ನು ಕರೆದು, ಸ್ವಾಮಿಯ ಕತೆ ತಿದ್ದುವ ಅಧಿಕಾರ ನನಗೆ ಯಾರು ಕೊಟ್ಟರೆಂದು ಕೇಳಿದರು; ದಂಡನೆಯಾಗಿ ಆ ಕತೆಯನ್ನು ಸಭೆಯ ಮುಂದೆ ಇದ್ದಹಾಗೇ ಓದಿಸಿದರು. ಕರುವಿನ ಜಾಗ ಬಂದಾಗ ಅವರ ಭುಜ ಕುಲುಕುವುದು ನನಗೆ ಕಾಣಿಸಿತು. ಆ ದಂಡನೆ ಹಗುರವಾಗಿತ್ತು. ಭಾರವಾದದ್ದು ಬೇರೆ: ಮೂರು ದಿನ ನಮ್ಮ ಬಾಗಿಲಿಗೆ ಹಾಲು ಬರಲಿಲ್ಲ. ಅಪ್ಪ ಕಪ್ಪು ಕಾಫಿ ಕುಡಿದರು. ನಾನು ಜಡೆಯನ್ನು ನಾನೇ ಹೆಣೆದುಕೊಂಡೆ, ಅದು ಸೊಟ್ಟಗಾಯಿತು. ನಾಲ್ಕನೆಯ ದಿನ ಹಟ್ಟಿಗೆ ಹೋದೆ.

"ಕರುಗೆ ಏನೂ ಆಗ್ಲಿಲ್ವಲ್ಲ ರುದ್ರಕ್ಕ," ಎಂದೆ. "ನಾನೇ ಮಾತು ಬದಲಾಯಿಸಿದ್ದು."

"ಗೊತ್ತು ಬುಡು," ಎಂದರು ಸಗಣಿ ಬಾಚುತ್ತಲೇ. "ನಾನೂ ಮಿಷನ್ ಸ್ಕೂಲಾಗೆ ಮೂರ್ನೇ ಕ್ಲಾಸ್ ತಂಕ ಓದ್ದೋಳು. ನೀನು ಕರು ಕೇಳ್ದಾಗ್ಲೇ ಯಾವ್ ಕತೆ ಅಂತ ತಿಳೀತು."

"ಮತ್ತೆ ಯಾಕೆ ಕೊಟ್ರಿ?"

"ನೀನು ಹೇಳ್ತೀಯಾ ಅಂತ ಕಾದೆ ಕಣವ್ವ. ಹಿಂಗಿಂಗೆ, ಕತೇಲಿ ಕರು ಸಾಯ್ತದೆ, ನಿಜವಾಗಿ ಏನೂ ಮಾಡಲ್ಲ ಅಂದಿದ್ರೆ ನಾನೇ ಹಗ್ಗ ಹಿಡ್ಕೊಂಡು ಬರ್ತಿದ್ದೆ. ನೀನು ಕರು ಉಳಿಸ್ದೆ, ಸರಿ. ನನ್ನ ಯಾಕೆ ದಡ್ಡಿ ಮಾಡ್ದೆ?"

ಅವತ್ತು ಅತ್ತೆ. ನೆರೆಯವರ ಮನಸ್ಸು ನೋಯದಿರಲಿ ಎಂದು ಮುಚ್ಚಿಟ್ಟೆನೆಂದು ನಾನು ನಂಬಿದ್ದೆ. ನಿಜವಾಗಿ ನೋಡಿದರೆ ಅವರಿಗೆ ಅರ್ಥವಾಗದೆಂದು ಮೊದಲೇ ತೀರ್ಪು ಕೊಟ್ಟಿದ್ದೆ. ಇರುವೆಯಿಂದ ಹಿಡಿದು ಮನುಷ್ಯನವರೆಗೆ ಜೀವದ ಬೆಲೆ ಕಟ್ಟಿದ ಅಷ್ಟೂ ಶುಕ್ರವಾರಗಳಲ್ಲಿ, ಗೋಡೆಯಾಚೆಯ ಹೆಂಗಸಿಗೆ ನಮ್ಮ ಕತೆ ಕೇಳುವಷ್ಟು ಬುದ್ಧಿಯೂ ಎದೆಯೂ ಇದೆಯೆಂಬುದು ನಮ್ಮ ಯಾರ ಚರ್ಚೆಗೂ ಬಂದಿರಲಿಲ್ಲ.

ಸಾಮ್ಯುವೆಲ್ ಮುಂದೆ ಮುನಿಸಿಪಾಲಿಟಿಗೆ ನಿಂತ. "ಈ ಮನೆಯಲ್ಲಿ ಯಾರೂ ಸಾಯಬಾರದು" ಎಂಬುದೇ ಅವನ ಭಾಷಣದ ಮೊದಲ ಸಾಲಾಗಿತ್ತು. "ಹಿಂದಿಂದ ಹೇಳ್ಕೊಟ್ಟೋಳು ನಿಂತ್ರೆ ಹಾಕ್ತೀನಿ" ಎಂದು ರುದ್ರಕ್ಕ ಓಟು ಕೇಳಲು ಬಂದ ಅವನನ್ನು ಬಾಗಿಲಿಂದಲೇ ಕಳಿಸಿದರಂತೆ. ಅವನು ಸೋತ. ನನ್ನ ಮದುವೆಯ ದಿನ ರುದ್ರಕ್ಕ ಬಂದು, ಜಡೆ ಹೆಣೆದು, ಈ ಗಂಟೆಯನ್ನು ಕೈಯಲ್ಲಿಟ್ಟು ಹೇಳಿದರು: "ಹೇಳೋ ಮಾತು ನುಂಗೋ ಹಂಗಾದ್ರೆ ಇದನ್ನೊಂದ್ಸಲ ಅಲ್ಲಾಡ್ಸು."

ಮೊನ್ನೆ ಮೊಮ್ಮಗಳು ಮಡಿಲಲ್ಲಿ ಕೂತು ನಾಟಕದ ಕತೆ ಕೇಳಿ ಮನಸಾರೆ ನಕ್ಕಳು. ಆಮೇಲೆ, "ಅಜ್ಜಿ, ಯೇಸುಸ್ವಾಮಿ ಹೇಳಿದ ಕತೆಯಲ್ಲಿ ಆ ಕರು ನಿಜವಾಗಿ ಏನಾಯ್ತು?" ಎಂದಳು. ಅವಳಿಗಿನ್ನೂ ಆರು ವರ್ಷ. ಬೆಲ್ಲ ತಿಂತು ಎನ್ನುವುದು ನಾಲಿಗೆಯ ತುದಿಯವರೆಗೆ ಬಂದಿತ್ತು. ಎದ್ದು ಹೋಗಿ ಬಾಗಿಲ ಗಂಟೆಯನ್ನು ಒಮ್ಮೆ ಅಲ್ಲಾಡಿಸಿದೆ.

"ಯಾರೋ ಬಂದ್ರು ಅಜ್ಜಿ," ಎಂದಳು ಮಗು.

"ಹೌದು, ಬಂದರು," ಎಂದು ಮತ್ತೆ ಅವಳ ಪಕ್ಕ ಕೂತು, ಇದ್ದದ್ದನ್ನು ಇದ್ದಹಾಗೆ ಹೇಳಿದೆ.