ಕಿರುಚುವ ಬಾಗಿಲು

ಮರಗೆಲಸದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಗೊಣಗು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮರ ಹಸಿಯಾಗಿದ್ದರೆ ಗೊಣಗು, ಒಣಗಿದ್ದರೆ ಸೀಳುತ್ತದೆಂದು ಗೊಣಗು. ಮೂವತ್ತು ವರ್ಷ ಕಂಡವರ ಮನೆಗೆಲ್ಲ ಬಾಗಿಲು ಕೂರಿಸಿದ ಆಸಾಮಿ ತನ್ನ ಮನೆಯ ಮುಂಬಾಗಿಲನ್ನು ಮಾತ್ರ ಹಾಗೇ ಬಿಟ್ಟಿದ್ದ. ಕೆಳಗೆ ಉಬ್ಬಿಕೊಂಡಿದ್ದ ಅದು ತೆಗೆದಾಗಲೆಲ್ಲ ನೆಲಕ್ಕೆ ಉಜ್ಜಿ, ಬೀದಿಗೆಲ್ಲ ಕೇಳುವಂತೆ ಕರ್ರ್ ಎಂದು ಕಿರುಚುತ್ತಿತ್ತು.

ಚರ್ಚಿನ ಜೊತೆ ಅವನ ನಂಟೂ ಮರದ್ದೇ. ಬೆಂಚಿನ ಕಾಲು ಅಲ್ಲಾಡಿದರೆ ಹೋಗಿ ಬಿಗಿ ಮಾಡಿ ಬರುವನು. ಅದರ ಮೇಲೆ ಕೂತು ಪ್ರಾರ್ಥನೆ ಮಾಡುವ ಕೆಲಸವನ್ನು ಹೆಂಡತಿಯ ಪಾಲಿಗೆ ಬಿಟ್ಟಿದ್ದ. ಅವಳೋ, ಕಂಡದ್ದಕ್ಕೆಲ್ಲ ದೇವರಿಗೆ ಸ್ತೋತ್ರ ಹೇಳುವ ಹೆಂಗಸು.

"ನಲ್ಲಿ ಸೋರೋದಕ್ಕೂ ಸ್ತೋತ್ರನಾ?" ಎಂದು ಅವನು ಒಮ್ಮೆ ಕೇಳಿದ್ದ.

"ನೀರು ಬರ್ತಿರೋದಕ್ಕೆ ತಾನೇ ಸೋರ್ತಿರೋದು?" ಎಂದು ಅವಳು ನಲ್ಲಿಯ ಕೆಳಗೆ ಬಕೆಟ್ ಸರಿಸಿದ್ದಳು.

ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೆ ಸೊಂಟ ನೋವು, ಒಲೆ ಹತ್ತುವುದು ಮೂರನೆಯ ಕಡ್ಡಿಗೆ, ತನ್ನ ಒಂದು ಕಾಲು ಏಣಿಯಿಂದ ಬಿದ್ದಾಗಿನಿಂದ ಕುಂಟು. ಇಷ್ಟಕ್ಕೆಲ್ಲ ಕೈಮುಗಿಯಲು ದೇವರು ತಮಗೆ ಕೊಟ್ಟಿರುವುದಾದರೂ ಏನು ಎಂಬುದು ಅವನ ವಾದ. ಸಂಜೆ ಆರಕ್ಕೆ ಬಾಗಿಲು ಕಿರುಚಿಸಿಕೊಂಡು ಒಳಗೆ ಬಂದರೆ, ಅಡುಗೆಮನೆಯಲ್ಲಿ ಅವಳು ಒಲೆಯ ಕಡೆ ತಿರುಗಿ ತುಟಿ ಅಲ್ಲಾಡಿಸುವುದು ಕಾಣುತ್ತಿತ್ತು. ಬಾಗಿಲು ರಿಪೇರಿ ಮಾಡದ ತನಗೇ ಶಾಪ ಹಾಕುತ್ತಿದ್ದಾಳೆ ಎಂದುಕೊಂಡಿದ್ದ. ಕೇಳಿದ್ದರೆ ಹೇಳುತ್ತಿದ್ದಳು. ಮಹರಾಯ ಒಂದು ದಿನವೂ ಕೇಳಲಿಲ್ಲ.

ಆಮೇಲೆ ಅವಳು ಹಾಸಿಗೆ ಹಿಡಿದಳು. ಇನ್ನು ಹೆಚ್ಚು ದಿನವಿಲ್ಲ, ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು ಡಾಕ್ಟರು ಹೇಳಿದರು. ಅವಳು ಆಸ್ಪತ್ರೆಯಲ್ಲಿದ್ದ ಎರಡು ದಿನದಲ್ಲಿ ಮೇಸ್ತ್ರಿ ಬಾಗಿಲನ್ನು ಕಳಚಿ, ಎರಡು ಸ್ಟೂಲಿನ ಮೇಲೆ ಮಲಗಿಸಿ, ಕೆಳಗಂಚಿಗೆ ಹತ್ತರಿ ಹಿಡಿದು ಉಬ್ಬನ್ನು ಹೆರೆದ. ಮರದ ಸುರುಳಿಗಳು ಕಾಲ ಬಳಿ ರಾಶಿ ಬಿದ್ದವು. ಕೀಲಿಗೆ ಎಣ್ಣೆ ಬಿಟ್ಟು ಕೂರಿಸಿದರೆ, ಬೆರಳು ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ತನ್ನ ಜೀವಮಾನದಲ್ಲಿ ಅಷ್ಟು ಪ್ರೀತಿಯಿಂದ ಅವನು ಯಾವ ಬಾಗಿಲನ್ನೂ ಕೂರಿಸಿರಲಿಲ್ಲ.

ಮಾಡಿದ್ದನ್ನು ಹೇಳಿಕೊಳ್ಳುವ ಜಾಯಮಾನ ಅವನದಲ್ಲ. ಅವಳೇ ಗಮನಿಸಲಿ, ಒಂದು ಮಾತು ಹೇಳಲಿ ಎಂದು ಒಳಗೊಳಗೇ ಕಾದ. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನವೂ ಆರಕ್ಕೆ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದು ಕೋಣೆಗೆ ಇಣುಕುವನು. ಅವಳ ಕಣ್ಣು ಮುಚ್ಚಿರುತ್ತಿತ್ತು. ನಿದ್ದೆ ಎಂದುಕೊಂಡು ಹೊರಗಿನ ಕೋಣೆಯಲ್ಲೇ ಕೂತು, ಗಂಜಿಯ ಹೊತ್ತಿಗೆ ಎಬ್ಬಿಸುವನು. ಸೋರುವ ನಲ್ಲಿಗೆ ಸ್ತೋತ್ರ ಹೇಳುವವಳು ನನ್ನ ಬಾಗಿಲಿಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಅವನಿಗೆ ಸಣ್ಣ ಮುನಿಸು ಕೂಡ ಬಂತು. ಆ ಮುನಿಸು ಹಾಗೇ ಇರುವಾಗ, ಹನ್ನೆರಡನೆಯ ದಿನ ಬೆಳಗ್ಗೆ ಅವಳು ಹೋಗಿಬಿಟ್ಟಳು.

ಮಣ್ಣು ಮಾಡಿದ ವಾರಕ್ಕೆ ಪಕ್ಕದ ಮನೆಯ ನರ್ಸಮ್ಮ ಬಂದರು. ಹಗಲೆಲ್ಲ ಅವಳನ್ನು ನೋಡಿಕೊಂಡು, ಸಂಜೆ ಐದಕ್ಕೆ ಹಿತ್ತಲ ಕಡೆಯಿಂದಲೇ ಮನೆಗೆ ಹೋಗುತ್ತಿದ್ದವರು ಅವರೇ.

"ಒಂದು ಮಾತು ಕೇಳ್ತೀನಿ ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಕೊನೇಲಿ ಸಂಜೆ ಹೊತ್ತು ಎಲ್ಲಿಗೆ ಹೋಗ್ತಿದ್ರಿ?"

"ಎಲ್ಲಿಗೂ ಇಲ್ಲ. ಆರಕ್ಕೆಲ್ಲ ಮನೇಲಿರ್ತಿದ್ದೆ."

"ಅವಳು ಹಾಗೆ ಹೇಳ್ಲಿಲ್ಲ. ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡ್ತಾ ಬಾಗಿಲ ಸದ್ದಿಗೇ ಕಾಯ್ತಿರ್ತೀನಿ, ಸದ್ದೇ ಆಗಲ್ಲ, ಹಾಗೇ ಜೋಂಪು ಹತ್ತುತ್ತೆ ಅಂತಿದ್ಲು. ನೀವು ಏಣಿಯಿಂದ ಬಿದ್ರಲ್ಲ, ಆವತ್ತಿಂದ ಬಾಗಿಲು ಕರ್ರ್ ಅಂದಾಗೆಲ್ಲ 'ಇವತ್ತೂ ನಡ್ಕೊಂಡೇ ಬಂದ್ರು, ಸ್ತೋತ್ರ ಸ್ವಾಮಿ' ಅಂತಿದ್ಲಂತೆ. ಅವರನ್ನೇ ಕೇಳಮ್ಮ ಅಂದೆ. ಬೇಡ, ದಣಿದು ಬಂದಿರ್ತಾರೆ ಅಂದ್ಲು."

ಮೇಸ್ತ್ರಿ ಬಾಗಿಲ ಕಡೆ ತಿರುಗಿ ನೋಡಿದ. ಹನ್ನೊಂದು ಸಂಜೆ ಅವನು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದ. ಅವಳು ಗೋಡೆಯಾಚೆ ಅವನಿಗಾಗಿ ಕಾಯುತ್ತಲೇ ಇದ್ದಳು.

ನರ್ಸಮ್ಮ ಹೋದ ಮೇಲೆ ಬಾಗಿಲಿನ ತಳಕ್ಕೆ ಒಂದು ಪಟ್ಟಿ ಹೊಡೆದು ನೋಡಿದ. ಸದ್ದು ಬಂತು, ಆದರೆ ಆ ಸದ್ದಲ್ಲ. ಕಿತ್ತು ಹಾಕಿದ. ಹತ್ತರಿ ತೆಗೆದ ಮರವನ್ನು ಯಾವ ಮೇಸ್ತ್ರಿಯೂ ಮತ್ತೆ ಸೇರಿಸಲಾರ, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆ ದಿನ ನೆಲದ ಮೇಲೆ ಕೂತು ಅತ್ತ.

ಮುಂದಿನ ಭಾನುವಾರ ಚರ್ಚಿಗೆ ಹೋಗಿ, ತಾನೇ ಬಿಗಿ ಮಾಡಿದ ಬೆಂಚಿನ ಮೇಲೆ ಕೂತ. ಪ್ರಾರ್ಥನೆ ಅವನಿಗೆ ಸಲೀಸಾಗಿ ಬರುವುದಿಲ್ಲ, ಇವತ್ತಿಗೂ ತಡವರಿಸುತ್ತಾನೆ. ಕ್ಷಮಿಸು ಸ್ವಾಮಿ ಎಂದು ಶುರು ಮಾಡಿ, ಮತ್ತೆ ಮತ್ತೆ ಅದನ್ನೇ ಹೇಳುತ್ತಾನೆ. ಆದರೂ ಹೋಗುತ್ತಾನೆ. ಕ್ಷಮಿಸುವವನು ಕೇಳಿಸಿಕೊಳ್ಳುತ್ತಿದ್ದಾನೆ ಎಂಬ ನಂಬಿಕೆ ಅವನಿಗೆ ನಿಧಾನವಾಗಿ ಬಂದಿದೆ.

ಮನೆಯ ನಲ್ಲಿ ಇನ್ನೂ ಸೋರುತ್ತದೆ. ಸಂಜೆ ಆರಕ್ಕೆ ಅವನು ಸದ್ದಿಲ್ಲದ ಆ ಬಾಗಿಲು ತೆರೆದು, ಕುಂಟು ಕಾಲನ್ನು ಹೊಸ್ತಿಲಿನ ಒಳಗಿಟ್ಟು, ಖಾಲಿ ಕೋಣೆಯ ಕಡೆ ನೋಡಿ, ಬೀದಿಗೂ ಕೇಳುವ ಹಾಗೆ ಹೇಳುತ್ತಾನೆ: "ಇವತ್ತೂ ನಡ್ಕೊಂಡೇ ಬಂದೆ ಕಣೇ. ಸ್ತೋತ್ರ ಸ್ವಾಮಿ."