ಬೇವಿನ ಟೊಂಗೆಗೆ ಕೌದಿ

ಆಳಂದದ ನಮ್ಮ ಓಣಿಯಲ್ಲಿ ಒಂದೂ ಮರವಿಲ್ಲ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕೂಡಲಾಗದೆ, ಮೊಣಕಾಲು ನೋವಿನ ಅವ್ವ ಹಳ್ಳದ ದಂಡೆಯ ಪಾರ್ಕಿಗೆ ಹೋಗುತ್ತಾಳೆ. ಅಲ್ಲಿ ನೀರಿನ ಕಡೆ ಚಾಚಿದ ಬೇವಿನ ಟೊಂಗೆಯ ಕೆಳಗೊಂದು ಕಲ್ಲುಬೆಂಚು. ಓಣಿಯ ಹೆಂಗಸರು ನಾಗರಪಂಚಮಿಯ ಜೋಕಾಲಿ ಕಟ್ಟುವುದೂ ಅದೇ ಟೊಂಗೆಗೆ.

ಹೋದ ಪಂಚಮಿಗೆ ಹೊಸ ನೈಲಾನ್ ಹಗ್ಗ ತಂದಿದ್ದರು. ಹಬ್ಬ ಮುಗಿದು ಬಿಚ್ಚಿದರೆ ಟೊಂಗೆಯ ಮೇಲ್ಭಾಗದ ತೊಗಟೆ ಕೊಯ್ದುಹೋಗಿತ್ತು. ದೀಪಾವಳಿಯ ಹೊತ್ತಿಗೆ ಅದರ ಎಲೆ ಪೂರ್ತಿ ಉದುರಿತು.

“ಯುಗಾದಿಗೆ ಚಿಗುರಲಿಲ್ಲಂದ್ರ ಕಡಿತೇನ್ರಿ,” ಎಂದ ಪಾರ್ಕಿನ ಮಾಲಿ. “ಒಣಗಿದ್ದು ಮೈಮ್ಯಾಲ ಬಿದ್ರ ಯಾರು ಹೊಣಿ?”

“ಕಡದ ಮ್ಯಾಲ ಈ ಬೆಂಚಿನ ಮ್ಯಾಲೇ ರೊಟ್ಟಿ ಬೇಯಿಸ್ಕೋ,” ಎಂದಳು ಅವ್ವ. “ಒಲಿ ಬೇಕಾಗಂಗಿಲ್ಲ.”

ದಿನಚರಿ ಬರೆಯುವ ನಾನು ಪ್ರತಿ ರವಿವಾರ ಟೊಂಗೆ ನೋಡಿ ‘ಇಲ್ಲ’ ಎಂದು ಬರೆಯತೊಡಗಿದೆ. ಯುಗಾದಿಗೆ ಉಳಿದ ಟೊಂಗೆಗಳೆಲ್ಲ ಕೆಂಪಗೆ ಚಿಗುರಿದವು. ಅದೊಂದೇ ಬೋಳು. ಮಾಲಿ ಕೊಡಲಿ ತಂದ. ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಿಸಿಲಲ್ಲೇ ಬೆಂಚಿನ ಮೇಲೆ ಕೂತಳು.

“ನಾ ಎದ್ದ ಮ್ಯಾಲ ಕಡಿ.”

ಸಂಜೆಯವರೆಗೂ ಏಳಲಿಲ್ಲ. ಮರುದಿನವೂ ಅಷ್ಟೇ. ಅದರ ಮರುದಿನ ಮಾಲಿ ಕೊಡಲಿ ತರಲಿಲ್ಲ. “ಮಳಿ ಬರೂತನಾ ನೋಡೂಣು ತಗೋರಿ,” ಎಂದ.

ಮೊದಲ ಮಳೆಯಾದ ವಾರ, ಗಾಯದ ಆಚೆ ನಾಲ್ಕು ಚಿಗುರು ಕಂಡವು. ಓಡಿ ಬಂದು ಹೇಳಿದರೆ ಅವ್ವ ನಂಬಲಿಲ್ಲ. ಮೊಣಕಾಲು ಹಿಡಿದುಕೊಂಡೇ ಬಂದು, ಬಹಳ ಹೊತ್ತು ಮೇಲೆ ನೋಡುತ್ತ ನಿಂತಳು. ಮುಂದಿನ ರವಿವಾರ ನಾನು ಎಣಿಸುವುದನ್ನು ಬಿಟ್ಟೆ. ಅಷ್ಟು ಎಲೆ ಬಂದಿತ್ತು.

ಈ ಪಂಚಮಿಗೆ ಆ ಟೊಂಗೆಯನ್ನು ಯಾರೂ ಮುಟ್ಟಲಿಲ್ಲ. ಜೋಕಾಲಿ ಇನ್ನೊಂದು ಟೊಂಗೆಗೆ ಹೋಯಿತು. ಪಕ್ಕದ ಮನೆಯಾಕೆ, ಓಣಿಯೆಲ್ಲ ಖಾಲಾ ಎಂದು ಕರೆಯುವವಳು, ತನ್ನ ಹಳೆಯ ಕೌದಿ ತಂದು ಈ ಹೊಸ ಟೊಂಗೆಗೆ ದಪ್ಪಗೆ ಸುತ್ತಿಸಿದಳು. ಹಗ್ಗ ಅದರ ಮೇಲೆ.

“ಭಾರ ತಡೀತದೋ ಇಲ್ಲೋ ನೋಡ್ತೇನಿ,” ಎಂದು ಮಾಲಿ ಮೊದಲು ತಾನೇ ಕೂತ.

“ನಿನ್ನ ಹೊಟ್ಟಿ ತಡದ್ರ ಓಣಿ ಪೂರಾ ತಡೀತದ ಬಿಡು,” ಎಂದಳು ಖಾಲಾ.

ಅವನು ನಗುತ್ತ ಇಳಿದ. ಇಳಿದವನೇ ಕೌದಿ ಸರಿದಿದೆಯೇ ಎಂದು ಕತ್ತೆತ್ತಿ ನೋಡಿದ.

ಅವ್ವನನ್ನೂ ಜೀಕಲು ಕರೆಯೋಣವೆಂದು ಹೋದೆ. ಬೆಂಚಿನ ಮೇಲೆ ನೆರಳಲ್ಲಿ ಕಾಲು ಚಾಚಿ ನಿದ್ದೆಹೋಗಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ.