ದೊಡ್ಡವ್ವ ಹೊಲಿದ ಆಕಾಶಬಣ್ಣದ ಝಗಾ

ಹೊಸ ಖಣ ಬಂದರೆ ನಮ್ಮೂರು ಕಿಣ್ಣಿ ಸುಲ್ತಾನದ ಹೆಂಗಸರು ಆಳಂದದ ದರ್ಜಿಯ ಹತ್ತಿರ ಹೋಗುತ್ತಿರಲಿಲ್ಲ, ನಮ್ಮ ದೊಡ್ಡವ್ವ ಗುರುಶಾಂತಮ್ಮನ ಪಡಸಾಲೆಗೆ ಬರುತ್ತಿದ್ದರು. ಗಂಡಸಿನ ಮುಂದೆ ಕೈ ಎತ್ತಿ ನಿಂತು ಅಳತೆ ಕೊಡಲು ಅವರಿಗೆ ನಾಚಿಕೆ. ದೊಡ್ಡವ್ವನಾದರೋ ಅಳತೆಯನ್ನೇ ತೆಗೆಯುತ್ತಿರಲಿಲ್ಲ. ಜೋಳ ಹಸನು ಮಾಡುತ್ತ ಕುಳಿತಲ್ಲಿಂದಲೇ ಬಂದವಳನ್ನು ಒಂದು ಸಲ ಮೇಲಿಂದ ಕೆಳಗೆ ನೋಡುವಳು, ಆಮೇಲೆ ಖಣ ಮಡಚಿ ಕತ್ತರಿ ಹಾಕುವಳು. ಮನೆಯಲ್ಲಿ ಮಷೀನು ಇರಲಿಲ್ಲ, ಎಲ್ಲವೂ ಕೈಹೊಲಿಗೆ. ಕುಬಸವೆಂದರೆ ಎದೆಯ ಮೇಲೆ ಗಂಟು ಬಿಗಿಯುವ ಉಡುಪು. ಬಾಣಂತಿಯಾದರೂ ಬಡಕಲಾದರೂ ಎಳೆದು ಕಟ್ಟಿಕೊಂಡರೆ ಮೈಗೆ ಕೂಡುತ್ತದೆ. ಮುಂದೆ ತೆರೆಯದ ಹೆಂಗಸರ ಉಡುಪನ್ನು ದೊಡ್ಡವ್ವ ಹೊಲಿದಿರಲಿಲ್ಲ, ತೊಟ್ಟಿರಲೂ ಇಲ್ಲ.

ನನಗೆ ನೆನಪು ಹತ್ತುವ ಮೊದಲೇ ಹೆತ್ತವ್ವ ತೀರಿಹೋಗಿದ್ದಳು. ಅವಳ ಅಕ್ಕನಾದ ದೊಡ್ಡವ್ವ ಮಣ್ಣು ಮುಗಿದ ಮರುದಿನವೇ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ತನ್ನೂರಿಗೆ ತಂದಳಂತೆ. ಅವಳಿಗೂ ದೊಡ್ಡಪ್ಪ ನಾಗಣ್ಣನಿಗೂ ಮಕ್ಕಳಿರಲಿಲ್ಲ. ನನ್ನ ಅಪ್ಪ ಜಗದೇವಪ್ಪ ಗುಲಬರ್ಗಾದ ಬೇಳೆ ಗಿರಣಿಯಲ್ಲಿ ತೂಕದ ಕೆಲಸಕ್ಕಿದ್ದ. ಮುಂದೆ ಅವನು ಇನ್ನೊಂದು ಮದುವೆಯಾದ. ಆ ತಾಯಿಯ ಹೆಸರು ಹೀರಾಬಾಯಿ. ಅಪ್ಪ ವರ್ಷಕ್ಕೊಮ್ಮೆ ಬರುತ್ತಿದ್ದ, ಚುರುಮುರಿ ತರುತ್ತಿದ್ದ, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದ. ಹೀರಾಬಾಯಿಯನ್ನು ನಾನು ನೋಡಿರಲಿಲ್ಲ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಎಂಬತ್ತೆರಡನೆಯ ಇಸವಿಯ ಆರಂಭದಲ್ಲಿ, ನಮ್ಮೂರ ದಾವಲಸಾಬ ಒಂದು ಸುದ್ದಿ ತಂದ. ಅವನು ಗುಲಬರ್ಗಾದ ಗಂಜ್ ಮಾರುಕಟ್ಟೆಗೆ ತೊಗರಿ ಒಯ್ಯುತ್ತಿದ್ದವನು. ಅಪ್ಪ ಗಿರಣಿಯಲ್ಲಿ ಕಂಡಕಂಡವರ ಮುಂದೆ ಮಗಳ ಮಾತು ಎತ್ತುತ್ತಾನಂತೆ. ಅಲ್ಲಿ ಅವಳಿಗೆ ಹರಿದ ಪರಕಾರವೇ ಗತಿ, ತಲೆ ಬಾಚುವವರಿಲ್ಲ, ಅಫಜಲಪುರದ ಮದುವೆಗೆ ಬಂದಾಗ ಅಲ್ಲಿಂದಲೇ ಕರೆದುಕೊಂಡು ಬಂದು ಇಲ್ಲಿನ ಸಾಲಿಗೆ ಹಾಕುತ್ತೇನೆ ಎನ್ನುತ್ತಾನಂತೆ. ಅಪ್ಪನ ಅಣ್ಣನ ಮಗಳ ಮದುವೆ ಅದು. ದೊಡ್ಡವ್ವ ಕೊಟ್ಟ ಚಹಾ ಕುಡಿದು ಮುಗಿಸಿದ ಮೇಲೆ ದಾವಲಸಾಬ ಉಳಿದದ್ದನ್ನೂ ಹೇಳಿದ.

"ಖರೇ ಹೇಳ್ಬೇಕಂದ್ರ ಅಕ್ಕಾರ, ಅವರ ಮನ್ಯಾಗ ಹಸುಗೂಸು ಅದ. ಅದನ್ನ ಹೊರ್ಲಿಕ್ಕೆ ಒಂದು ಹುಡುಗಿ ಬೇಕಾಗ್ಯಾದ. ಸಾಲಿ ಗೀಲಿ ಎಲ್ಲಾ ಬರೇ ಮಾತು."

ದೊಡ್ಡಪ್ಪ ಬೀಡಿ ಹಚ್ಚಿ, ತಂದೆ ಬೇಡಿದರೆ ಕೊಡುವುದಿಲ್ಲ ಅನ್ನಲು ನಮಗೇನು ಹಕ್ಕು ಎಂದ. ಮರುದಿನ ತಲೆಗೆ ಎಣ್ಣೆ ಹಚ್ಚುತ್ತ ದೊಡ್ಡವ್ವ ನನಗೆ ಹೇಳಿದಳು: ಮದುವೆಗೆ ಬೀಗರು ನೆಂಟರು ಎಲ್ಲ ಕೂಡಿರುತ್ತಾರೆ. ಅಷ್ಟು ಮಂದಿಯ ಮುಂದೆ ನಿನ್ನನ್ನು ನೋಡಿದವರು ಈ ಕೂಸಿಗೆ ಏನು ಕಡಿಮೆಯಾಗಿದೆ ಎಂದು ಕೇಳಬೇಕು. ಹಾಗೆ ಕೇಳಿದರೆ ನಿಮ್ಮಪ್ಪನಿಗೆ ಬಾಯಿ ಇರುವುದಿಲ್ಲ.

ನಮ್ಮೂರ ಹುಡುಗಿಯರು ತೊಡುತ್ತಿದ್ದುದು ಪರಕಾರ ಮತ್ತು ಪೋಲಕಾ, ಅಂದರೆ ಲಂಗ ಮತ್ತು ರವಿಕೆ. ಫ್ರಾಕಿಗೆ ಝಗಾ ಎನ್ನುತ್ತಿದ್ದೆವು. ಅದು ಪೇಟೆಯ ಮಕ್ಕಳದು. ಆಳಂದದ ಬಜಾರಿನಲ್ಲಿ ಲಾಡ್ಲೆಸಾಬರ ಅರಿವೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದು ಗುಲಾಬಿ ಝಗಾ ಇತ್ತು. ಹಲಗೆಗೆ ಚಪ್ಪಟೆಯಾಗಿ ಟಾಚಣಿ ಚುಚ್ಚಿ ಇಟ್ಟಿದ್ದರು. ದುಂಡು ಕಾಲರು, ಬುಗ್ಗೆ ತೋಳು, ನಡುವಿಗೆ ಬಿಗಿ, ಅದರ ಕೆಳಗೆ ನೆರಿಗೆ, ಅಂಚಿಗೆ ಬಿಳಿ ಲೇಸು. ದೊಡ್ಡವ್ವ ಗಾಜಿಗೆ ಮುಖ ಹಚ್ಚಿ ನಿಂತಳು. ನೂಲು ಹಿಡಿದು ಭುಜದಿಂದ ನಡುವಿಗೆ, ನಡುವಿನಿಂದ ಅಂಚಿಗೆ ಅಳೆದು ಅಲ್ಲಲ್ಲಿ ಗಂಟು ಹಾಕಿದಳು. ಒಳಗೆ ಬಂದು ನೋಡಿರಿ, ಇಳಿಸಿಕೊಡುತ್ತೇನೆ ಎಂದು ಲಾಡ್ಲೆಸಾಬರು ಕರೆದರು. ಇನ್ನೂ ಬೆಳಗಿನ ಹೊತ್ತು, ಅಂಗಡಿಗೆ ಬೋಣಿ ಆಗಿರಲಿಲ್ಲ. ಬೋಣಿಗೆ ಮುಂಚೆ ಅರಿವೆ ಇಳಿಸಲು ಹಚ್ಚಿ ಕೊಳ್ಳದೆ ಹೋದರೆ ವ್ಯಾಪಾರಿಯ ದಿನವೇ ಕೆಡುತ್ತದೆ. ಅಂಥ ಪಾಪ ದೊಡ್ಡವ್ವ ಕಟ್ಟಿಕೊಳ್ಳುವವಳಲ್ಲ. ಇಲ್ಲಿಂದಲೇ ಚಲೋ ಕಾಣುತ್ತದೆ ಎಂದಳು.

"ನೋಡಿ ನೋಡಿ ಗಾಜು ಸವದೀತ್ರಿ ಅಕ್ಕಾರ," ಎಂದು ಅವರು ನಕ್ಕರು.

ಹಾಗೆ ಅವಳು ಆ ಝಗಾದ ಮುಂಭಾಗವನ್ನು ಒಂದು ನೆರಿಗೆ ಬಿಡದೆ ನೋಡಿಕೊಂಡು ಬಂದಳು.

ಅರಿವೆ ಮನೆಯಲ್ಲೇ ಇತ್ತು. ಯಾವುದೋ ಮದುವೆಯಲ್ಲಿ ಆಯೇರಿ ಉಡುಗೊರೆಯಾಗಿ ಬಂದ ಆಕಾಶಬಣ್ಣದ ವಾಯಲ್ ಸೀರೆ. ತೆಳ್ಳಗಿನ ಅರಿವೆ, ಹೊಲದ ಕೆಲಸದ ಹೆಂಗಸು ಉಡುವಂಥದ್ದಲ್ಲ. ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ ಬಿದ್ದಿತ್ತು. ಅದನ್ನು ಕತ್ತರಿಸಿದಾಗ ಓಣಿಯ ಹೆಂಗಸರು ನೋಡಲು ಬಂದರು. ತೋಳಿನ ಬುಗ್ಗೆ ಅವಳನ್ನು ಬಹಳ ಕಾಡಿತು. ಎರಡು ಸಲ ಬಿಚ್ಚಿ ಮತ್ತೆ ಹೊಲಿದಳು. ಲೇಸಿನ ಬದಲು ದೊಡ್ಡಪ್ಪನ ಹಳೆಯ ಧೋತರದ ಬಿಳಿ ಅಂಚನ್ನು ಸಣ್ಣಗೆ ಚುಕ್ಕಿ ಹೊಲಿಗೆ ಹಾಕಿ ಕೂಡಿಸಿದಳು. ಇದಕ್ಕೆ ಗಂಟೆಲ್ಲಿ, ಗುಂಡಿಯೆಲ್ಲಿ ಎಂದು ಒಬ್ಬಳು ಕೇಳಿದ್ದಕ್ಕೆ, ಅಂಗಡಿಯದಕ್ಕೂ ಇರಲಿಲ್ಲ, ದೊಡ್ಡಪ್ಪನ ಬನಿಯನ್ನಿನ ಹಾಗೆ ತಲೆಯ ಮೇಲಿಂದ ಹಾಕುವುದು ಇರಬೇಕು ಎಂದಳು. ಬನಿಯನ್ನು ಹಿಗ್ಗುತ್ತದೆ, ವಾಯಲ್ ಹಿಗ್ಗುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ತೊಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಹೊಸ ಅರಿವೆಯನ್ನು ನಮ್ಮಲ್ಲಿ ಮುಂಚೆ ತೊಡಿಸಿ ನೋಡುವ ಪದ್ಧತಿ ಇಲ್ಲ. ಮೂಲೆಗೆ ಅರಿಷಿಣ ಹಚ್ಚಿ ಜಗಲಿಯ ಮೇಲೆ ದೇವರ ಮುಂದೆ ಇಡಬೇಕು, ತೊಡುವ ದಿನವೇ ತೊಡಬೇಕು.

ಹೊರಡುವ ದಿನ ನಸುಕಿನಲ್ಲಿ ನನಗೆ ಮೈ ತೊಳೆದು, ದೊಡ್ಡವ್ವ ಝಗಾ ತಲೆಯ ಮೇಲಿಂದ ಹಾಕಿದಳು. ಕೊರಳು ನನ್ನ ಕಿವಿಯ ತನಕ ಬಂದು ನಿಂತುಬಿಟ್ಟಿತು. ಕಾಲ ಕಡೆಯಿಂದ ಏರಿಸಿ ನೋಡಿದಳು. ನಡುವಿನ ಬಿಗಿ ಸೊಂಟ ದಾಟಲಿಲ್ಲ. ಹೊರಗೆ ಬಂಡಿ ಹೂಡಿ ದೊಡ್ಡಪ್ಪ ಕೂಗುತ್ತಿದ್ದ. ಆಳಂದದಲ್ಲಿ ಅಫಜಲಪುರದ ಬಸ್ಸು ತಪ್ಪಿದರೆ ಮದುವೆಯೇ ತಪ್ಪಿದ ಹಾಗೆ. ಪರಕಾರವನ್ನೇ ತೊಡುತ್ತೇನೆ ಎಂದೆ. ದೊಡ್ಡವ್ವ ನನ್ನ ಮುಖ ನೋಡಿದಳು. ಆಮೇಲೆ ಎಡಭುಜದಿಂದ ಸೊಂಟದ ತನಕ ತಾನೇ ಹಾಕಿದ ಹೊಲಿಗೆಯನ್ನು ಸರಸರ ಬಿಚ್ಚಿ, ಝಗಾ ನನಗೆ ತೊಡಿಸಿ, ಸೂಜಿಗೆ ದಾರ ಪೋಣಿಸಿದಳು.

ಮೈಮೇಲಿನ ಅರಿವೆ ಹೊಲಿಯಬಾರದು, ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಹೊಲಿಯಲೇಬೇಕಾದರೆ ತೊಟ್ಟವರು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಮಾತಾಡದೆ ನಿಲ್ಲಬೇಕು. ದೊಡ್ಡವ್ವ ಜೋಳದ ದಂಟಿನ ಒಂದು ಸೀಳು ತಂದು ನನ್ನ ಹಲ್ಲಿನ ನಡುವೆ ಇಟ್ಟಳು.

"ಕಡ್ಡಿ ಬೀಳಿಸಬ್ಯಾಡ, ಅಮೃತಾ. ಮತ್ತ ಕೇಳು, ಇದನ್ನ ಸಂಜಿಗೆ ನಾನೇ ಬಿಚ್ಚತೇನಿ. ಹೊಲಿದ ಕೈನೇ ಬಿಚ್ಚಬೇಕು. ಬ್ಯಾರೇರ್ಗೆ ಕತ್ರಿ ಹಚ್ಚಗೊಡಬ್ಯಾಡ."

ಸೂಜಿಯ ತಣ್ಣನೆಯ ಬೆನ್ನು ನನ್ನ ಪಕ್ಕೆಗೆ ತಾಗುತ್ತ ಮೇಲೇರಿತು. ಒಂದು ಸಲವೂ ಚುಚ್ಚಲಿಲ್ಲ.

ಅಫಜಲಪುರದ ಮದುವೆಮನೆಯಲ್ಲಿ ಅವಳು ಬಯಸಿದಂತೆಯೇ ಆಯಿತು. ಗುಲಬರ್ಗಾದಲ್ಲಿ ತಂದಿರೇನು, ಸೋಲಾಪುರದಲ್ಲಿ ತಂದಿರೇನು ಎಂದು ಹೆಂಗಸರು ಝಗಾ ಮುಟ್ಟಿ ಮುಟ್ಟಿ ಕೇಳಿದರು. ದೊಡ್ಡವ್ವ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಅಪ್ಪನೂ ನೋಡಿದ. ಆದರೆ ಅವನ ಬಾಯಿ ಕಟ್ಟಲಿಲ್ಲ. ಅಕ್ಷತೆಯ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಏಳುತ್ತಿದ್ದಂತೆ ದೊಡ್ಡಪ್ಪನನ್ನು ಬದಿಗೆ ಕರೆದು, ಸಂಜೆಯ ಗುಲಬರ್ಗಾ ಬಸ್ಸಿಗೆ ಹುಡುಗಿಯನ್ನು ಕರೆದೊಯ್ಯುತ್ತೇನೆ ಎಂದ. ದೊಡ್ಡಪ್ಪ ತಲೆ ತಗ್ಗಿಸಿದ. ದೊಡ್ಡವ್ವ ಕೈತೊಳೆಯುತ್ತಿದ್ದವಳು ಚರಿಗೆ ಹಿಡಿದು ಹಾಗೆಯೇ ನಿಂತಳು.

ಹೀರಾಬಾಯಿ ನನ್ನ ಕೈ ಹಿಡಿದು ಒಳಗಿನ ಕೋಣೆಗೆ ಕರೆದೊಯ್ದಳು. ನಾನು ಎಣಿಸಿದ್ದಕ್ಕಿಂತ ಸಣ್ಣ ವಯಸ್ಸಿನವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಕಂಕುಳಲ್ಲಿ ಕೂಸು. ದಾರಿಗೆ ತೊಡಲೆಂದು ನನಗೂ ಒಂದು ಅಂಗಡಿಯ ಝಗಾ ತಂದಿದ್ದಳು, ಕೆಂಪು ಹೂವಿನದು. ಕೂಸನ್ನು ಪಕ್ಕಕ್ಕೆ ಮಲಗಿಸಿ ನನ್ನ ಝಗಾ ಬಿಚ್ಚಲು ನನ್ನ ಬೆನ್ನನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೆನ್ನೆಲ್ಲ ತಡಕಿದಳು. ಮತ್ತೆ ಮುಂದಕ್ಕೆ ತಿರುಗಿಸಿದಳು.

"ಇದನ್ನ ಹ್ಯಾಂಗ ಹಾಕ್ಕೊಂಡಿ ಬೇ?"

ಹೊಲಿದಿದ್ದಾರೆ ಎಂದೆ. ಮೈಮೇಲೆಯೇ ಎಂದೂ, ಬಾಯಲ್ಲಿ ದಂಟಿನ ಕಡ್ಡಿ ಇಟ್ಟಿದ್ದರು ಎಂದೂ ಹೇಳಿದೆ. ಬಾಗಿಲಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೂಟೆಯ ಬಾಯಿ ಹೊಲಿದ ಹಾಗೆ ಹೊಲಿದಾರಲ್ಲ ಎಂದಳು ಒಬ್ಬಳು. ಅಷ್ಟರಲ್ಲಿ ಅಪ್ಪ ಹೊರಗಿನಿಂದ, ಬಸ್ಸಿಗೆ ಹೊತ್ತಾಯಿತು, ಕತ್ತರಿ ಹಾಕಿ ತೆಗೆಯಬಾರದೇ ಎಂದು ಕೂಗಿದ. ಯಾರೋ ಕತ್ತರಿ ತಂದೂ ಕೊಟ್ಟರು. ಹೀರಾಬಾಯಿ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಅಕ್ಕನ್ನ ಕರೀರಿ," ಎಂದಳು. "ಹೊಲಿದಾಕಿನೇ ಬಿಚ್ಚಲಿ. ಹುಡುಗಿ ಆಯುಷ್ಯದ ಮಾತು."

ದೊಡ್ಡವ್ವ ಬಂದಳು. ಹೆಂಗಸರ ನಗು ಅವಳ ಕಿವಿಗೆ ಬಿದ್ದಿತ್ತು. ಯಾರ ಮುಖವನ್ನೂ ನೋಡದೆ ನನ್ನ ಮುಂದೆ ಕುಳಿತು, ಕುಬಸದ ಅಂಚಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಒಂದೊಂದೇ ಹೊಲಿಗೆ ಎತ್ತತೊಡಗಿದಳು. ಝಗಾ ಮೈಯಿಂದ ಇಳಿದಾಗ ಹೀರಾಬಾಯಿ ಅದನ್ನು ಎತ್ತಿಕೊಂಡು ಒಳಮೈ ಹೊರಗೆ ಮಾಡಿ ನೋಡಿದಳು. ಅರಿವೆಯ ಒರಟು ಅಂಚು ಮೈಗೆ ತಾಗದಂತೆ ಪ್ರತಿಯೊಂದು ಕೂಡುಹೊಲಿಗೆಯ ಮೇಲೂ ಹಳೆಯ ಧೋತರದ ಮೆತ್ತನೆಯ ಪಟ್ಟಿ ಮಡಚಿ ಹೊಲಿದಿತ್ತು. ಆಮೇಲೆ ನನ್ನನ್ನು ನೋಡಿದಳು. ಎಣ್ಣೆ ಕುಡಿದ ಮೈ, ಹೇನು ತೆಗೆದ ತಲೆ. ಎಷ್ಟನೆಯ ಇಯತ್ತೆ ಎಂದು ಕೇಳಿದಳು. ಹೇಳಿದೆ. ಮಗ್ಗಿ ಬರುತ್ತದೆಯೇ ಎಂದಳು. ಅಂದದ್ದೇ ತಡ, ಹದಿಮೂರರ ಮಗ್ಗಿ ಶುರು ಮಾಡಿದೆ. ಅರ್ಧಕ್ಕೇ ಸಾಕು ಎಂದು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

ಅವಳು ತಂದ ಝಗಾ ತೊಡಿಸಿ ನನ್ನ ಬೆನ್ನನ್ನು ದೊಡ್ಡವ್ವನ ಕಡೆ ತಿರುಗಿಸಿದಳು. ಕೊರಳಿನಿಂದ ನಡುವಿನ ತನಕ ಸಾಲಾಗಿ ಗುಂಡಿಗಳು.

"ಬೆನ್ನಿಗಿಟ್ರ ಹಾಕ್ಕೊಳ್ಳಾಕಿ ತಾ ಹ್ಯಾಂಗ ಹಾಕ್ಕೋಬೇಕು?" ಎಂದಳು ದೊಡ್ಡವ್ವ.

"ತಾನಾಗಿ ಆಗಂಗಿಲ್ರಿ ಅಕ್ಕಾ. ಮನ್ಯಾಗ ಯಾರರ ಹಾಕಬೇಕು."

ದೊಡ್ಡವ್ವ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಹಾಕಿದಳು. ಮುಗಿದ ಮೇಲೂ ನನ್ನ ಬೆನ್ನಿನಿಂದ ಕೈ ತೆಗೆಯಲಿಲ್ಲ.

ಅಪ್ಪ ಚೀಲ ಹಿಡಿದು ಬಾಗಿಲಿಗೆ ಬಂದ. ಹೀರಾಬಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ತನ್ನ ಗಂಡನಿಗೆ ಅವಳು ಜೋರಾಗಿ ಹೇಳಲಿಲ್ಲ, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಹುಡುಗಿಗೆ ಛಲೋ ಆಗೂ ಸಲುವಾಗಿ ಒಯ್ಯೂದಾದ್ರ, ಆಕಿ ಅಕ್ಕನ ಕಡೆನೇ ಛಲೋ ಇದ್ದಾಳ. ಕೂಸು ಹೊರೂ ಸಲುವಾಗಿ ಒಯ್ಯೂದಾದ್ರ, ನನ್ನ ರಟ್ಟಿ ಇನ್ನೂ ಗಟ್ಟಿ ಅದಾವ್ರಿ."

ಅಪ್ಪ ಚೀಲವನ್ನು ಹೆಗಲಿಗೇರಿಸಿದ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದ. ಅವರು ಗುಲಬರ್ಗಾ ಬಸ್ಸು ಹತ್ತಿದರು, ನಾವು ಆಳಂದದ ಬಸ್ಸು ಹತ್ತಿದೆವು. ದೊಡ್ಡವ್ವ ನನ್ನನ್ನು ಕಿಟಕಿಯ ಬದಿಗೆ ಕೂಡಿಸಿದಳು. ಊರು ದಾಟಿದ ಮೇಲೆ ಅವಳ ಅಳು ಶುರುವಾಯಿತು. ದೊಡ್ಡಪ್ಪ ತನ್ನ ರುಮಾಲಿನ ತುದಿ ಅವಳ ಕಡೆ ಚಾಚಿದ.

ಪರೀಕ್ಷೆ ಮುಗಿದ ಮೇಲೆ ಅಪ್ಪ ಚುರುಮುರಿ ತಂದ, ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಹೀರಾಬಾಯಿ ಅವನ ಕೈಯಲ್ಲಿ ಒಂದು ಕಾಗದದ ಪೊಟ್ಟಣದ ತುಂಬ ಗುಂಡಿ ಕಳಿಸಿದ್ದಳು. ಆ ಬೇಸಿಗೆಯಲ್ಲಿ ಓಣಿಯ ಹುಡುಗಿಯರೆಲ್ಲ ದೊಡ್ಡವ್ವನಿಂದ ಬೆನ್ನಿಗೆ ಗುಂಡಿಯ ಝಗಾ ಹೊಲಿಸಿಕೊಂಡರು. ರಜೆ ಮುಗಿದು ಶಾಲೆ ತೆರೆದ ಮೇಲೆ, ಬೆಳಿಗ್ಗೆ ಹೋಗುವ ಹೊತ್ತಿಗೆ ಅವರು ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಸಾಲಾಗಿ ಕುಳಿತು ಮುಂದಿನವಳ ಗುಂಡಿ ಹಾಕುತ್ತಿದ್ದರು.

ನನ್ನ ಅರಿವೆಗಳಲ್ಲಿ ಇನ್ನೊಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ದೊಡ್ಡವ್ವ ನನಗೆ ಹೊಲಿಯುತ್ತಿದ್ದುದೆಲ್ಲ ಆಯಾ ವರ್ಷದ ಮೈಗೆ ಸರಿಯಾಗಿ, ಒಂದು ಬೆರಳೂ ಹೆಚ್ಚಿಲ್ಲದೆ. ಆ ಬೇಸಿಗೆಯಿಂದ ಅವಳು ಅಂಚಿನಲ್ಲಿ ಅಂಗೈಯಗಲ ಅರಿವೆಯನ್ನು ಒಳಗೆ ಮಡಚಿ ಹೊಲಿಯತೊಡಗಿದಳು. ಯಾಕೆ ಎಂದು ಕೇಳಿದರೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲಿಕ್ಕೆ ಎನ್ನುತ್ತಿದ್ದಳು.